ಉಳ್ಳಾಗಡ್ಡಿಯ ಕ್ರೋಮೋಸೋಮಿಗೆ ಗುರುತು ಹಚ್ಚೋದು ಹೇಗೆ? ನೀರಿನ ಲೋಟದಿಂದ ಫಿಶ್ ತನಕ

ಎರಡು ಲೋಟ ನೀರು ತಗೊಳ್ಳಿ. ಒಂದರ ಬಾಯಿ ಮೇಲೆ ಉಳ್ಳಾಗಡ್ಡಿ ಕೂರಿಸಿ, ಇನ್ನೊಂದರ ಮೇಲೆ ಬಳ್ಳೊಳ್ಳಿ ಎಸಳು. ಬೇರು ಬಂದ ಮೇಲೆ ತುದಿ ಕತ್ತರಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ. ಉಳ್ಳಾಗಡ್ಡಿಗೆ 16 ಕ್ರೋಮೋಸೋಮ್. ಬಳ್ಳೊಳ್ಳಿಗೂ 16. ಚೀನಾ, ಜಪಾನಿನವರು ಬರೀ ತಪ್ಪಲಕ್ಕಂತ ಬೆಳೆಯುವ ಅಲಿಯಂ ಫಿಸ್ಟುಲೋಸಮ್ ತಗೊಂಡರೂ 16, ಹಿಮಾಲಯದ ಕಡೆಯ ಕಾಡು ಉಳ್ಳಾಗಡ್ಡಿ ಅಲಿಯಂ ರಾಯ್ಲಿಗೂ 16. ಎಣಿಸಿ ಏನು ಬಂತು ಹೇಳಿ?

ಗದಗಿನ ಒಬ್ಬ ಬಿಎಸ್ಸಿ ಹುಡುಗಿ ಪ್ರಾಕ್ಟಿಕಲ್ ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳಲು ಬಂದಾಗ ಇದನ್ನೇ ಬೇರೆ ಥರ ಕೇಳಿದ್ದಳು. "ಎಲ್ಲಾ ಒಂದ ನಮೂನಿ ಕಾಣಸ್ತಾವಲ್ರಿ ಸರ್, ಇದು ಆರನೇದು, ಇದು ಏಳನೇದು ಅಂತ ಹೆಂಗ ಬರೀಲಿ?" ಆವತ್ತು ಅರ್ಧ ಉತ್ತರ ಕೊಟ್ಟು ಕಳಿಸಿದೆ. ಉಳಿದರ್ಧ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಧಾರವಾಡ, ಗದಗ, ಹಾವೇರಿ ಕಡೆಯ ಕಾಲೇಜುಗಳಲ್ಲಿ ಸಸ್ಯಶಾಸ್ತ್ರವೋ ತೋಟಗಾರಿಕೆಯೋ ಓದುವವರಿಗೆ, ಪ್ರಾಕ್ಟಿಕಲ್ ಮಾಡಿಸುವವರಿಗೆ ಇದು ಉಪಯೋಗಕ್ಕೆ ಬರಬೇಕು. ಅರ್ಧ ಕೆಲಸ ಸಾಧಾರಣ ಲ್ಯಾಬಿನಲ್ಲೇ ಆಗುತ್ತದೆ, ಇನ್ನರ್ಧಕ್ಕೆ, ಅಂದರೆ ಕ್ರೋಮೋಸೋಮಿನ ಮೇಲೆ ಹೊಳೆಯುವ ಬಣ್ಣದ ಗುರುತು ಕೂರಿಸುವ ಫಿಶ್ (ಫ್ಲೋರೆಸೆನ್ಸ್ ಇನ್ ಸಿಟು ಹೈಬ್ರಿಡೈಸೇಶನ್) ವಿಧಾನಕ್ಕೆ, ದೊಡ್ಡ ಲ್ಯಾಬ್ ಬೇಕು.

ಮೊದಲು ಇದೊಂದು ತಿಳ್ಕೊಳ್ಳಿ

ಉಳ್ಳಾಗಡ್ಡಿಯ ಒಂದು ಸೆಟ್ ಕ್ರೋಮೋಸೋಮ್‌ನಲ್ಲಿ, ಅಂದರೆ ಎಂಟರಲ್ಲಿ, ಸುಮಾರು 1600 ಕೋಟಿ ಡಿಎನ್‌ಎ ಅಕ್ಷರಗಳಿವೆ. ಮನುಷ್ಯನಿಗೆ 310 ಕೋಟಿ ಆಸುಪಾಸು. ಗಿರಮಿಟ್ ಮೇಲೆ ಹೆಚ್ಚಿ ಹಾಕುವ ಈ ಗಡ್ಡಿಗೆ ನಮ್ಮ ಐದು ಪಟ್ಟು ಡಿಎನ್‌ಎ! ಕೆನಡಾದ ಜೀವವಿಜ್ಞಾನಿ ಟಿ. ರಯಾನ್ ಗ್ರೆಗರಿ 2007ರಲ್ಲಿ ಇದನ್ನೇ ಹಿಡಿದು ಒಂದು 'ಉಳ್ಳಾಗಡ್ಡಿ ಪರೀಕ್ಷೆ' ಇಟ್ಟರು. ಡಿಎನ್‌ಎಯ ಪ್ರತಿ ಅಕ್ಷರಕ್ಕೂ ಏನೋ ಕೆಲಸ ಇದೆ ಅನ್ನುವವರು ಉಳ್ಳಾಗಡ್ಡಿಗೆ ನಮಗಿಂತ ಐದು ಪಟ್ಟು ಯಾಕೆ ಬೇಕಾಯಿತು ಅಂತ ಮೊದಲು ಹೇಳಲಿ, ಅಷ್ಟೇ ಆ ಪರೀಕ್ಷೆ.

ಈ ರಾಶಿಯಲ್ಲಿ ಬಹುಪಾಲು ಒಂದೇ ಸಾಲನ್ನು ಮತ್ತೆ ಮತ್ತೆ ಬರೆದದ್ದು. ಅದರಲ್ಲಿ ಎರಡು ಜಾತಿ. ಒಂದು, ಊರೆಲ್ಲಾ ಚೆಲ್ಲಿದ ಹಾಗೆ ಎಲ್ಲಾ ಕ್ರೋಮೋಸೋಮಿನ ಉದ್ದಕ್ಕೂ ಹರಡಿಕೊಂಡಿರುವುದು. ಇವು ರೆಟ್ರೋಟ್ರಾನ್ಸ್‌ಪೋಸಾನ್, ತಮ್ಮನ್ನು ತಾವೇ ನಕಲು ಮಾಡಿ ಬೇರೆ ಕಡೆ ಹೋಗಿ ಕೂರುತ್ತವೆ. ಇನ್ನೊಂದು, ಒಂದೇ ಜಾಗದಲ್ಲಿ ಸಾಲಾಗಿ, ಒಂದರ ಬೆನ್ನಿಗೆ ಒಂದು ಸಾವಿರಾರು ಸಲ ಬಂದಿರುವುದು. ನಮಗೆ ಗುರುತು ಅಂತ ಬೇಕಾಗಿರೋದು ಈ ಎರಡನೇದು.

ಯಾಕೆ ಅಂತೀರಾ? ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಾಗ ಕಣ್ಣು ಹತ್ತಿರುತ್ತದೆ. ತಟ್ಟನೆ ಎಚ್ಚರಾದರೆ ಎಲ್ಲಾ ಸ್ಟಾಪೂ ಒಂದೇ ಥರ. ಆದರೆ ಉಣಕಲ್ ಕೆರೆ ಕಂಡರೆ ಎಲ್ಲಿದ್ದೀವಿ ಅಂತ ಕೇಳೋದೇ ಬೇಡ. ಒಂದು ಜೀನ್ ಅಂದರೆ ಒಂದು ಮನೆ, ಓಡುವ ಬಸ್ಸಿನಿಂದ ಅದರ ನಂಬರ್ ಕಾಣೋದಿಲ್ಲ. ಸಾಲಾಗಿ ಸಾವಿರಾರು ಸಲ ಬಂದ ತುಣುಕು ಕೆರೆ ಇದ್ದ ಹಾಗೆ, ದೂರದಿಂದಲೇ ಕಾಣುತ್ತದೆ. 1600 ಕೋಟಿ ಅಕ್ಷರದ ನಡುವೆ ಒಂದೆರಡು ಸಾವಿರ ಅಕ್ಷರದ ಜೀನನ್ನು ಹೊಳೆಯಿಸೋದು ತುಂಬಾ ಕಷ್ಟ. ಅದಕ್ಕೂ ಟೈರಮೈಡ್ ಅನ್ನೋ ರಾಸಾಯನಿಕ ಹಾಕಿ ಬೆಳಕು ಹೆಚ್ಚಿಸುವ ದಾರಿ ಇದೆ, ಆದರೆ ಅದು ಕೈ ಪಳಗಿದವರ ಕೆಲಸ.

ಉಳ್ಳಾಗಡ್ಡಿಯಲ್ಲಿ ನೀವು ಹುಡುಕುವ ಕೆರೆಗಳು ಮುಖ್ಯವಾಗಿ ಮೂರು:

45ಎಸ್ ಆರ್‌ಡಿಎನ್‌ಎ. ಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್ ಕಟ್ಟಲು ಬೇಕಾದ ಆರ್‌ಎನ್‌ಎಯ ಜೀನುಗಳು ಸಾಲಾಗಿ ನಿಂತಿರೋದು. ಉಳ್ಳಾಗಡ್ಡಿಯಲ್ಲಿ 6 ಮತ್ತು 8ನೇ ಕ್ರೋಮೋಸೋಮ್ ಮೇಲೆ.

5ಎಸ್ ಆರ್‌ಡಿಎನ್‌ಎ. ಅದೇ ರೈಬೋಸೋಮಿನ ಇನ್ನೊಂದು ಪುಟ್ಟ ಆರ್‌ಎನ್‌ಎಯ ಜೀನುಗಳು. ಇದು 7ನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿ (ಕ್ರೋಮೋಸೋಮಿನ ಸೊಂಟ, ಅಂದರೆ ಸೆಂಟ್ರೋಮಿಯರ್, ಅದರ ಎರಡು ಬದಿಗೆ ಇರೋದೇ ತೋಳು).

375 ಅಕ್ಷರದ ಸ್ಯಾಟಲೈಟ್. ಒಂದೇ ತುಣುಕು ಸಾಲಾಗಿ ಮತ್ತೆ ಮತ್ತೆ ಬರುವ ಡಿಎನ್‌ಎಗೆ ಈ ಹೆಸರು. ಇದು ಕ್ರೋಮೋಸೋಮುಗಳ ತುದಿಯಲ್ಲಿ ಇರುತ್ತದೆ. ಉಳ್ಳಾಗಡ್ಡಿಯಿಂದ ಇದನ್ನು ಬೇರ್ಪಡಿಸಿದ್ದು 1980ರ ದಶಕದಲ್ಲಿ.

ತುದಿಯ ಮಾತು ಬಂತಲ್ವಾ, ಒಂದು ವಿಚಿತ್ರ ಹೇಳಿಬಿಡ್ತೀನಿ. ಹೆಚ್ಚಿನ ಗಿಡಗಳ ಕ್ರೋಮೋಸೋಮ್ ತುದಿಯಲ್ಲಿ ಟಿಟಿಟಿಎಜಿಜಿಜಿ ಅನ್ನೋ ಏಳು ಅಕ್ಷರ ಮತ್ತೆ ಮತ್ತೆ ಬರುತ್ತದೆ. ಉಳ್ಳಾಗಡ್ಡಿ ಬಳಗದಲ್ಲಿ ಅದು ಸಿಗಲೇ ಇಲ್ಲ. ಹಾಗಾದರೆ ತುದಿ ಸವೆಯದಂತೆ ಕಾಯೋರು ಯಾರು ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. ಈ 375ರ ಸ್ಯಾಟಲೈಟೇ ಕಾಯುತ್ತಿರಬೇಕು ಅಂತಲೂ ಅಂದುಕೊಂಡಿದ್ದರು. ಕೊನೆಗೆ 2016ರಲ್ಲಿ ಉತ್ತರ ಸಿಕ್ಕಿತು. ಉಳ್ಳಾಗಡ್ಡಿಯದ್ದು 12 ಅಕ್ಷರದ ಬೇರೆಯದೇ ಸಾಲು. ನೀವು ಯಾವುದೋ ಬೇರೆ ಗಿಡದ ಟೆಲೋಮಿಯರ್ (ಕ್ರೋಮೋಸೋಮ್ ತುದಿ) ಪ್ರೋಬ್, ಅಂದರೆ ಆ ಸಾಲನ್ನು ಹುಡುಕಿ ಅಂಟಿಕೊಳ್ಳುವ ಬಣ್ಣ ಕಟ್ಟಿದ ಡಿಎನ್‌ಎ ತುಣುಕು, ತಂದು ಉಳ್ಳಾಗಡ್ಡಿ ಮೇಲೆ ಹಾಕಿ ಏನೂ ಕಾಣಲಿಲ್ಲ ಅಂತ ಅಳಬೇಡಿ, ಕಾಣಬಾರದು.

ಗಡ್ಡಿ ಆರಿಸೋದು, ಬೇರು ಬರಿಸೋದು

ಅರ್ಧ ಜನ ಸೋಲೋದು ಇಲ್ಲೇ. ನಾನೂ ಸೋತವನೇ. ಒಂದು ನವೆಂಬರಿನಲ್ಲಿ ಅಮರಗೋಳದ ಎಪಿಎಂಸಿಯಿಂದ ಆಗಷ್ಟೇ ಇಳಿಸಿದ ಕೆಂಪು ಗಡ್ಡಿ ಐದು ಕೆಜಿ ತಂದೆ, ಇಪ್ಪತ್ತು ಲೋಟದ ಮೇಲೆ ಸಾಲಾಗಿ ಕೂರಿಸಿದೆ. ಐದು ದಿನ ಆದರೂ ಬುಡದಲ್ಲಿ ಬಿಳಿ ಚುಕ್ಕೆಗಿಂತ ಜಾಸ್ತಿ ಏನೂ ಇಲ್ಲ. ಮುಂದಿನ ವಾರ ಆ ವ್ಯಾಪಾರಿಗೆ ಹೇಳಿದರೆ ನಕ್ಕರು. "ಹಸಿ ಗಡ್ಡಿ ಅದಾವ್ರಿ ಸರ, ಇನ್ನೂ ಮಲಗ್ಯಾವು. ಹಳೇ ಮಾಲ್ ಒಯ್ರಿ." ಸರಿಯಾಗಿಯೇ ಹೇಳಿದ್ದರು. ಕಿತ್ತ ಹೊಸತರಲ್ಲಿ ಗಡ್ಡಿ ಸುಪ್ತ ಸ್ಥಿತಿಯಲ್ಲಿರುತ್ತದೆ, ಬೇರು ಸುಲಭಕ್ಕೆ ಬರೋದಿಲ್ಲ.

ಹಾಗಾಗಿ ಎರಡು ಮೂರು ತಿಂಗಳು ಕೂಡಿಟ್ಟ, ಗಟ್ಟಿಯಾದ, ಸಣ್ಣ ಗಾತ್ರದ ಗಡ್ಡಿ ತಗೊಳ್ಳಿ. ತಲೆಯಲ್ಲಿ ಹಸಿರು ಮೊಳಕೆ ಇಣುಕುತ್ತಿದ್ದರೆ ಇನ್ನೂ ಒಳ್ಳೇದು. ಒಣ ಸಿಪ್ಪೆ ತೆಗೆಯಿರಿ. ಬುಡದ ಒಣಗಿದ ಬೇರನ್ನು ಬ್ಲೇಡಿನಿಂದ ಹಗುರವಾಗಿ ಕೆರೆಯಿರಿ, ಬುಡದ ಬಿಲ್ಲೆಗೆ ಗಾಯ ಆಗಬಾರದು. ಬುಡ ಮಾತ್ರ ನೀರಿಗೆ ತಾಗುವ ಹಾಗೆ ಕೂರಿಸಿ. ನೀರು ದಿನಾ ಬದಲಿಸಿ. ನಳದ ನೀರಿನಲ್ಲಿ ಕ್ಲೋರಿನ್ ವಾಸನೆ ಜಾಸ್ತಿ ಇದ್ದರೆ ಒಂದು ರಾತ್ರಿ ತೆರೆದಿಟ್ಟು ಬಳಸಿ. ಎರಡು ಮೂರು ದಿನಕ್ಕೆ ಒಂದೂವರೆ ಸೆಂಟಿಮೀಟರ್ ಬೇರು ಬರುತ್ತದೆ.

ಇದಕ್ಕಿಂತ ನಂಬಿಕೆಯ ದಾರಿ ಬೀಜ. ರಾಣೆಬೆನ್ನೂರಿನ ಬೀಜದ ಅಂಗಡಿಗಳಲ್ಲಿ ಉಳ್ಳಾಗಡ್ಡಿ ಬೀಜಕ್ಕೆ ಬರ ಇಲ್ಲ. ಔಷಧ ಲೇಪಿಸಿದ ಬೀಜವಾದರೆ ಚೆನ್ನಾಗಿ ತೊಳೆಯಿರಿ. ತಟ್ಟೆಯಲ್ಲಿ ಒದ್ದೆ ಬ್ಲಾಟಿಂಗ್ ಪೇಪರ್ ಮೇಲೆ ಹರಡಿ, ಮುಚ್ಚಿ, ತಂಪಾದ ಜಾಗದಲ್ಲಿಡಿ. ನಾಲ್ಕೈದು ದಿನಕ್ಕೆ ಒಂದು ಸೆಂಟಿಮೀಟರ್ ಬೇರು. ಉಳ್ಳಾಗಡ್ಡಿ ಬೀಜ ಬೇಗ ಸತ್ತುಹೋಗುತ್ತದೆ, ಹಿಂದಿನ ವರ್ಷದ ಪ್ಯಾಕೆಟ್ ಬೇಡ. ಬೀಜದ ಇನ್ನೊಂದು ಲಾಭ ಏನೆಂದರೆ ಯಾವ ತಳಿ ಅಂತ ಗೊತ್ತಿರುತ್ತದೆ. ಸಂತೆಯ ಗಡ್ಡಿಗೆ ಆ ಗ್ಯಾರಂಟಿ ಇಲ್ಲ.

ಬಳ್ಳೊಳ್ಳಿ ಎಸಳಿಗೆ ಇಷ್ಟೆಲ್ಲಾ ಉಪಚಾರ ಬೇಡ, ಹಲ್ಲುಕಡ್ಡಿ ಚುಚ್ಚಿ ಲೋಟದ ಮೇಲೆ ನಿಲ್ಲಿಸಿ.

ಯಾವಾಗ ಕತ್ತರಿಸಬೇಕು, ಕತ್ತರಿಸಿ ಏನು ಮಾಡಬೇಕು

ಕೋಶ ಒಡೆಯುತ್ತಿರುವ ಹೊತ್ತಿಗೆ ಹಿಡಿಯಬೇಕು. ಬೆಳಗ್ಗೆ 8ರಿಂದ 10ರ ನಡುವೆ ಅಂತ ಎಲ್ಲರೂ ಹೇಳುತ್ತಾರೆ, ನನಗೂ ಅದೇ ಕೂಡಿಬಂದಿದೆ. ಆದರೆ ಧಾರವಾಡದ ಜನವರಿ ಬೆಳಗೂ ಗದಗಿನ ಏಪ್ರಿಲ್ ಬೆಳಗೂ ಒಂದೇ ಅಲ್ಲ. ಮೊದಲ ದಿನ ಒಂದೊಂದು ಗಂಟೆಗೆ ನಾಲ್ಕು ಬೇರು ಕತ್ತರಿಸಿ ಬೇರೆ ಬೇರೆ ಬಾಟಲಿಯಲ್ಲಿ ಹಾಕಿ, ಬಾಟಲಿ ಮೇಲೆ ಪೆನ್ಸಿಲ್‌ನಲ್ಲಿ ಹೊತ್ತು ಬರೆದಿಡಿ. ಪೆನ್ನಿನ ಅಕ್ಷರ ಆಲ್ಕೋಹಾಲ್ ತಾಗಿದರೆ ಅಳಿಸಿಹೋಗುತ್ತದೆ. ಯಾವ ಬಾಟಲಿಯಲ್ಲಿ ಒಡೆಯುವ ಕೋಶ ಜಾಸ್ತಿ ಕಂಡಿತೋ ಅದೇ ನಿಮ್ಮ ಕೋಣೆಯ ಹೊತ್ತು.

ಆಮೇಲೆ ತಡೆ. ಕ್ರೋಮೋಸೋಮನ್ನು ಎಳೆದು ಎರಡು ಕಡೆ ಒಯ್ಯುವ ದಾರ ಕಟ್ಟಿಕೊಳ್ಳದ ಹಾಗೆ ಮಾಡಿದರೆ ಅವು ನಡುವೆಯೇ ಗಿಡ್ಡಾಗಿ, ಬಿಡಿಬಿಡಿಯಾಗಿ ನಿಲ್ಲುತ್ತವೆ. ಇದಕ್ಕೆ ಮೂರು ದಾರಿ. 0.05 ಪ್ರತಿಶತ ಕಾಲ್ಚಿಸಿನ್‌ನಲ್ಲಿ 3ರಿಂದ 4 ಗಂಟೆ. ಅಥವಾ 0.002 ಮೋಲಾರ್ 8-ಹೈಡ್ರಾಕ್ಸಿಕ್ವಿನೋಲಿನ್‌ನಲ್ಲಿ ತಂಪಿನಲ್ಲಿ ಅಷ್ಟೇ ಹೊತ್ತು. ಅಥವಾ ಸುಮ್ನೆ ಐಸ್ ನೀರಿನಲ್ಲಿ 24 ಗಂಟೆ. ಕಾಲ್ಚಿಸಿನ್ ಘೋರ ವಿಷ, ಬೇಲಿಯಲ್ಲಿ ಹಬ್ಬುವ ಅಗ್ನಿಶಿಖೆಯ ಗಡ್ಡೆಯಲ್ಲಿ ಇರೋದೂ ಇದೇ. ಕೈಗವಸು ಇಲ್ಲದೆ ಮುಟ್ಟಬೇಡಿ. ಡಿಗ್ರಿ ಮಕ್ಕಳಿಗೆ ನಾನು ಮಾಡಿಸೋದು ಐಸ್ ನೀರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಐಸ್ ತುಂಬಿ, ನಡುವೆ ಬೇರಿನ ಬಾಟಲಿ ಹೂತು, ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟರೆ ಕರೆಂಟ್ ಹೋದರೂ ಚಿಂತೆ ಇಲ್ಲ.

ಕಾಲ್ಚಿಸಿನ್ ಬಗ್ಗೆ ಒಂದು ಅಡ್ಡಮಾತು. ಸ್ವೀಡನ್ನಿನ ಆಲ್ಬರ್ಟ್ ಲೆವಾನ್ 1938ರಲ್ಲಿ ಇದನ್ನು ಉಳ್ಳಾಗಡ್ಡಿ ಬೇರಿನ ಮೇಲೆಯೇ ಪರೀಕ್ಷಿಸಿದರು. ಮುಂದೆ 1956ರಲ್ಲಿ ಅವರೂ ಜೋ ಹಿನ್ ಜಿಯೋ ಅವರೂ ಸೇರಿ ಮನುಷ್ಯನಿಗೆ 48 ಅಲ್ಲ, 46 ಕ್ರೋಮೋಸೋಮ್ ಅಂತ ತೋರಿಸಿದರು. ಉಳ್ಳಾಗಡ್ಡಿ ಎಣಿಸಿ ಪಳಗಿದ ಕಣ್ಣು ನೋಡಿ!

ತಡೆ ಆದ ಮೇಲೆ ಬೇರನ್ನು ತೊಳೆದು ಫಿಕ್ಸ್ ಮಾಡಬೇಕು, ಅಂದರೆ ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸಬೇಕು. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಸಿಡ್. ಆವತ್ತೇ ಕಲಸಬೇಕು, ನಿನ್ನೆಯದು ಬೇಡ. 24 ಗಂಟೆ ಬಿಟ್ಟು 70 ಪ್ರತಿಶತ ಆಲ್ಕೋಹಾಲ್‌ಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ.

ಮೊದಲ ಸ್ಲೈಡ್, ಮೊದಲ ಗುರುತು

ಬೇರನ್ನು 60 ಡಿಗ್ರಿಯ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ 8ರಿಂದ 10 ನಿಮಿಷ ಇಡಿ. ವಾಟರ್ ಬಾತ್ ಇಲ್ಲದಿದ್ದರೆ ಚಹಾದ ಥರ್ಮಾಸ್‌ಗೆ 60 ಡಿಗ್ರಿ ನೀರು ಹಾಕಿ, ಆಸಿಡ್ ಟ್ಯೂಬನ್ನು ಅದರಲ್ಲಿ ಇಳಿಬಿಡಿ. ಹತ್ತು ನಿಮಿಷಕ್ಕೆ ಬಿಸಿ ಅಷ್ಟೇನೂ ಇಳಿಯೋದಿಲ್ಲ. ಆ ಥರ್ಮಾಸಿನಲ್ಲಿ ಮತ್ತೆ ಚಹಾ ಬೇಡ.

ತೊಳೆದು, ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಉಳಿಸಿಕೊಂಡು ಅಸಿಟೋಕಾರ್ಮೈನ್ ಅಥವಾ ಅಸಿಟೋಆರ್ಸಿನ್ ಹನಿಯಲ್ಲಿಡಿ. ಕಾರ್ಮೈನ್ ಆದರೆ ತುಕ್ಕು ಹಿಡಿದ ಸೂಜಿಯಿಂದ ಕೆದಕಿ. ಕಬ್ಬಿಣದ ಅಂಶ ಸೇರಿದ ಕೂಡಲೇ ಬಣ್ಣ ಗಾಢವಾಗೋದು ಕಣ್ಣಿಗೇ ಕಾಣುತ್ತದೆ, ಮಾಸಲು ಕೆಂಪು ಹೋಗಿ ಕಪ್ಪು ದ್ರಾಕ್ಷಿಯ ಬಣ್ಣ ಬರುತ್ತದೆ. ಕವರ್‌ಸ್ಲಿಪ್ ಹಾಕಿ, ಪೆನ್ಸಿಲ್ ಹಿಂಬದಿಯಿಂದ ಟಕ್ ಟಕ್ ಅಂತ ಹಗುರಾಗಿ ತಟ್ಟಿ. ರೊಟ್ಟಿ ಬಡಿದ ಹಾಗೆ ಬಡೀಬೇಡಿ. ಕೊನೆಗೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಕವರ್‌ಸ್ಲಿಪ್ ಒಂದು ಕೂದಲೆಳೆ ಜಾರಿದರೂ ಕ್ರೋಮೋಸೋಮ್ ಎಲ್ಲಾ ಹೊಸೆದ ಶಾವಿಗೆ ಆಗುತ್ತವೆ.

40ರ ಲೆನ್ಸ್‌ನಲ್ಲಿ ಚೆನ್ನಾಗಿ ಹರಡಿದ ಕೋಶ ಹುಡುಕಿ, 100ರ ಎಣ್ಣೆ ಲೆನ್ಸ್‌ನಲ್ಲಿ ನೋಡಿ. ಹದಿನಾರೂ ದೊಡ್ಡವು, ಹೆಚ್ಚಿನವುಗಳ ಸೊಂಟ ನಡುವೆ ಅಥವಾ ನಡುವಿನಿಂದ ಸ್ವಲ್ಪ ಆಚೆ. ಒಂದು ಜೋಡಿ ಮಾತ್ರ ಬೇರೆ. ಅದರ ಒಂದು ತೋಳು ತೀರಾ ಗಿಡ್ಡ, ಆ ತೋಳಿನ ಹತ್ತಿರ ದಾರದಂಥ ತೆಳು ಜಾಗ, ಅದರಾಚೆ ಪುಟ್ಟ ಗುಂಡು. ಇದೇ 6ನೇ ಕ್ರೋಮೋಸೋಮ್. ಆ ತೆಳು ಜಾಗದಲ್ಲಿ ಕೂತಿರುವುದು 45ಎಸ್ ಆರ್‌ಡಿಎನ್‌ಎ. ಅಂದರೆ ಸಾಲು ಡಿಎನ್‌ಎಯ ಮೊದಲ ಗುರುತನ್ನು ಯಾವ ಪ್ರೋಬೂ ಇಲ್ಲದೆ, ಕಾಲೇಜಿನ ಹಳೇ ಮೈಕ್ರೋಸ್ಕೋಪಿನಲ್ಲೇ ನೋಡಿಬಿಟ್ಟಿರಿ.

ಇಲ್ಲಿ ಹೆಸರಿನ ಗೋಜಲು ಒಂದಿದೆ. ಈ ಪುಟ್ಟ ಗುಂಡಿಗೂ ಸ್ಯಾಟಲೈಟ್ ಅಂತಾರೆ, 375 ಅಕ್ಷರದ ಸಾಲಿಗೂ ಸ್ಯಾಟಲೈಟ್ ಅಂತಾರೆ. ಎರಡಕ್ಕೂ ಸಂಬಂಧ ಇಲ್ಲ. ಗುಂಡು, ಕ್ರೋಮೋಸೋಮಿಗೆ ಉಪಗ್ರಹದ ಹಾಗೆ ಅಂಟಿಕೊಂಡಿದೆ ಅಂತ ಆ ಹೆಸರು. ಡಿಎನ್‌ಎಗೆ ಆ ಹೆಸರು ಬಂದದ್ದು, ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಜೋರಾಗಿ ತಿರುಗಿಸಿದಾಗ ಮುಖ್ಯ ಪಟ್ಟಿಯ ಪಕ್ಕದಲ್ಲಿ ಬೇರೆ ಪಟ್ಟಿಯಾಗಿ ನಿಂತದ್ದಕ್ಕೆ. ಪರೀಕ್ಷೆಯಲ್ಲಿ ಇದನ್ನು ಕಲಸಿ ಬರೆದವರು ಬಹಳ ಮಂದಿ.

ಈಗ ಅಳತೆ. ಐಪೀಸ್‌ಗೆ ಮೊಬೈಲ್ ಹಿಡಿದು ಫೋಟೋ ತೆಗೆಯಿರಿ. ಇಮೇಜ್‌ಜೆ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಉದ್ದ ತೋಳು, ಗಿಡ್ಡ ತೋಳು ಅಳೆದು ಭಾಗಿಸಿ. ಅನುಪಾತ ತಾನೇ, ಮೈಕ್ರಾನ್ ಲೆಕ್ಕ ಇಲ್ಲದಿದ್ದರೂ ನಡೆಯುತ್ತದೆ. 1964ರಲ್ಲಿ ಲೆವಾನ್ ಮತ್ತು ಜೊತೆಗಾರರು ಹಾಕಿಕೊಟ್ಟ ಗೆರೆ ಹೀಗಿದೆ: 1ರಿಂದ 1.7 ತನಕ ಮೆಟಾಸೆಂಟ್ರಿಕ್, 1.7ರಿಂದ 3 ಸಬ್‌ಮೆಟಾಸೆಂಟ್ರಿಕ್, 3ರಿಂದ 7 ಸಬ್‌ಟೆಲೋಸೆಂಟ್ರಿಕ್, ಅದರ ಮೇಲೆ ಆಕ್ರೋಸೆಂಟ್ರಿಕ್. ಕಡಿಮೆ ಅಂದರೂ ಹತ್ತು ಒಳ್ಳೆ ಕೋಶ ಅಳೆಯಿರಿ.

ಅಳೆದ ಮೇಲೆ ಗೊತ್ತಾಗುತ್ತದೆ ತಾಪತ್ರಯ. 6 ಸಿಕ್ಕಿತು, ಉಳಿದ ಏಳು ಜೋಡಿ ಹೆಚ್ಚುಕಡಿಮೆ ಒಂದೇ ಥರ. ಒಂದು ಕೋಶದಲ್ಲಿ ಜಾಸ್ತಿ ಮುದುಡಿರುತ್ತವೆ, ಇನ್ನೊಂದರಲ್ಲಿ ಕಡಿಮೆ, ಇಂದಿನ 3 ನಾಳೆ 4 ಆಗುತ್ತದೆ. ಬರೀ ಅಳತೆ ನಂಬಿ ಎಂಟಕ್ಕೂ ನಂಬರ್ ಹಾಕಿದ ರೆಕಾರ್ಡ್ ನೋಡಿದರೆ ನನಗೆ ಅನುಮಾನವೇ.

ಬೆಳ್ಳಿ ಹಾಕಿ ನೋಡೋದು

ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಇಲ್ಲದವರಿಗೆ ಇದು ವರ. 45ಎಸ್ ಜೀನುಗಳು ಕೆಲಸ ಮಾಡುವ ಜಾಗದಲ್ಲಿ ಬೆಳ್ಳಿಯನ್ನು ಎಳೆದುಕೊಳ್ಳುವ ಪ್ರೋಟೀನುಗಳು ಅಂಟಿಕೊಂಡಿರುತ್ತವೆ. ಸಿಲ್ವರ್ ನೈಟ್ರೇಟ್ ಹಾಕಿ ಬಿಸಿ ಮಾಡಿದರೆ ಅಲ್ಲಿ ಕಂದು ಚುಕ್ಕೆ. ಹೋವೆಲ್ ಮತ್ತು ಬ್ಲ್ಯಾಕ್ 1980ರಲ್ಲಿ ಕೊಟ್ಟ ಸುಲಭ ವಿಧಾನ ಇದು.

100 ಮಿಲಿ ಡಿಸ್ಟಿಲ್ಡ್ ನೀರಿಗೆ 2 ಗ್ರಾಂ ಜೆಲಾಟಿನ್, 1 ಮಿಲಿ ಫಾರ್ಮಿಕ್ ಆಸಿಡ್. ಬೇರೆ ಟ್ಯೂಬಿನಲ್ಲಿ 1 ಮಿಲಿ ನೀರಿಗೆ ಅರ್ಧ ಗ್ರಾಂ ಸಿಲ್ವರ್ ನೈಟ್ರೇಟ್. ಸ್ಲೈಡ್ ಮೇಲೆ ಮೊದಲನೆಯದು ಎರಡು ಹನಿ, ಎರಡನೆಯದು ನಾಲ್ಕು ಹನಿ, ಕವರ್‌ಸ್ಲಿಪ್, 70 ಡಿಗ್ರಿಯ ಹಾಟ್ ಪ್ಲೇಟ್. ಅರ್ಧ ನಿಮಿಷಕ್ಕೆ ಹಳದಿ, ಎರಡು ನಿಮಿಷದ ಹೊತ್ತಿಗೆ ಬಂಗಾರದ ಕಂದು. ಆ ಬಣ್ಣ ಕಂಡ ಕೂಡಲೇ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ. ಹತ್ತು ಸೆಕೆಂಡ್ ತಡ ಆದರೆ ಇಡೀ ಸ್ಲೈಡ್ ಕರ್ರಗೆ. ಫೋನ್ ಬಂದರೆ ಎತ್ತಬೇಡಿ.

ಎರಡು ಎಚ್ಚರಿಕೆ. ನಳದ ನೀರು ಎಲ್ಲೂ ತಾಗಬಾರದು, ಅದರ ಕ್ಲೋರೈಡ್ ಬೆಳ್ಳಿಯನ್ನು ಬಿಳಿ ಗಷ್ಟು ಮಾಡಿ ಕೂರಿಸುತ್ತದೆ. ಅದೇ ಕಾರಣಕ್ಕೆ ಈ ಸ್ಲೈಡಿಗೆ ಹೈಡ್ರೋಕ್ಲೋರಿಕ್ ಆಸಿಡ್ ಬೇಡ, 45 ಪ್ರತಿಶತ ಅಸಿಟಿಕ್ ಆಸಿಡ್‌ನಲ್ಲಿ ಮೆತ್ತಗೆ ಮಾಡಿ ಒತ್ತಿ. ಇನ್ನು ಕೈ. ಬೆಳ್ಳಿ ತಾಗಿದ ಬೆರಳು ಆಗ ಏನೂ ಕಾಣೋದಿಲ್ಲ, ಸಂಜೆ ಹೊತ್ತಿಗೆ ಕಪ್ಪಾಗುತ್ತದೆ. ವಾರದ ತನಕ ಊಟಕ್ಕೆ ಕೂತಾಗೆಲ್ಲಾ ಮನೆಯವರಿಗೆ ಉತ್ತರ ಹೇಳಬೇಕು.

ಬೆಳ್ಳಿ ಹಾಕುವ ಮೊದಲು, ಒತ್ತಿದ ಕವರ್‌ಸ್ಲಿಪ್ ತೆಗೆಯೋದು ಹೇಗೆ ಅನ್ನೋದು ಎಲ್ಲರ ಪ್ರಶ್ನೆ. ಹಾಗೇ ಎಳೆದರೆ ಕೋಶ ಎಲ್ಲಾ ಅದಕ್ಕೇ ಅಂಟಿಕೊಂಡು ಹೋಗುತ್ತದೆ. ಸ್ಲೈಡನ್ನು ಮಂಜುಗಡ್ಡೆಯ ಹಾಗೆ ಹೆಪ್ಪುಗಟ್ಟಿಸಿ, ಬ್ಲೇಡಿನ ಮೂಲೆ ತೂರಿಸಿ ಒಮ್ಮೆಲೇ ಹಾರಿಸಬೇಕು. ದ್ರವ ನೈಟ್ರೋಜನ್ ಆದರೆ ಕ್ಷಣದ ಕೆಲಸ. ಅದು ಎಲ್ಲಿ ಸಿಗುತ್ತೆ ಅಂತ ಬೆಂಗಳೂರಿನ ಕಡೆ ನೋಡಬೇಡಿ. ದನಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕಡೆ ವೀರ್ಯದ ನಳಿಕೆ ಇಡೋದೇ ಅದರಲ್ಲಿ, ಕೇಳಿ ನೋಡಿ. ಸಿಗದಿದ್ದರೆ ಮೈನಸ್ 80 ಫ್ರೀಜರ್.

ಬೆಳ್ಳಿ ಸ್ಲೈಡಿನಲ್ಲಿ ಒಡೆಯದ ಕೋಶಗಳನ್ನೂ ನೋಡಿ. ನ್ಯೂಕ್ಲಿಯಸ್ ಒಳಗೆ ಕಂದು ಗುಂಡು, ಅದೇ ನ್ಯೂಕ್ಲಿಯೋಲಸ್. 6ರ ಜೋಡಿ, 8ರ ಜೋಡಿ ಸೇರಿ ನಾಲ್ಕು ಜಾಗ ಇರುವುದರಿಂದ ಸಾಮಾನ್ಯವಾಗಿ ನಾಲ್ಕರ ತನಕ ಕಾಣಬಹುದು. ಹೆಚ್ಚಿನ ಕೋಶದಲ್ಲಿ ಒಂದೋ ಎರಡೋ ಮಾತ್ರ, ಯಾಕೆಂದರೆ ಅವು ಕೂಡಿ ಒಂದಾಗುತ್ತವೆ. ಇನ್ನೂರು ಕೋಶ ಎಣಿಸಿ ಎಷ್ಟರಲ್ಲಿ ಒಂದು, ಎಷ್ಟರಲ್ಲಿ ಎರಡು ಅಂತ ಪಟ್ಟಿ ಮಾಡಿದರೆ ಒಳ್ಳೆ ಪ್ರಾಜೆಕ್ಟ್. ಒಂದು ಮಾತು ನೆನಪಿಡಿ, ಹಿಂದಿನ ಹಂತದಲ್ಲಿ ಕೆಲಸ ಮಾಡಿದ ಜಾಗ ಮಾತ್ರ ಬೆಳ್ಳಿ ಹಿಡಿಯುತ್ತದೆ. ಸುಮ್ಮನೆ ಕೂತ ಜೀನುಗಳು ಕಾಣೋದಿಲ್ಲ.

ಫಿಶ್: ಈಗ ನಿಜವಾದ ಬಣ್ಣ

ಇದಕ್ಕೆ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಬೇಕು, ಅಂದರೆ ವಿಶ್ವವಿದ್ಯಾಲಯದ ಲ್ಯಾಬಿನ ಬಾಗಿಲು ತಟ್ಟಬೇಕು. ಹೋಗುವ ಮೊದಲು ಒಳ್ಳೆ ಸ್ಲೈಡ್ ಮಾಡಿ ಕೈಯಲ್ಲಿ ಹಿಡಿದುಕೊಂಡು ಹೋಗಿ. ಮೈಕ್ರೋಸ್ಕೋಪ್ ಕೊಡಿ ಅಂತ ಬರಿಗೈಯಲ್ಲಿ ಹೋದವರನ್ನೂ, ಹದಿನಾರೂ ಬಿಡಿಬಿಡಿ ಕಾಣುವ ಸ್ಲೈಡ್ ತಂದವರನ್ನೂ ಒಂದೇ ಥರ ಯಾರೂ ನೋಡೋದಿಲ್ಲ.

ತತ್ವ ಸರಳ. ಹುಡುಕಬೇಕಾದ ಸಾಲಿನ ಜೋಡಿ ಸಾಲಿಗೆ ಹೊಳೆಯುವ ಬಣ್ಣ ಕಟ್ಟಿ, ಕ್ರೋಮೋಸೋಮಿನ ಡಿಎನ್‌ಎಯನ್ನು ಬಿಸಿಯಲ್ಲಿ ಬಿಚ್ಚಿ, ತಣ್ಣಗೆ ಕೂಡಲು ಬಿಡೋದು. ಗಾಲ್ ಮತ್ತು ಪಾರ್ಡ್ಯೂ 1969ರಲ್ಲಿ ವಿಕಿರಣದ ಗುರುತು ಕಟ್ಟಿ ಮಾಡಿದ್ದರು, ಈಗ ಬಣ್ಣ.

ಸ್ಲೈಡ್ ತಯಾರಿಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇಲ್ಲೂ ಬೇಡ, ಅದು ಡಿಎನ್‌ಎಯನ್ನೇ ಕಡಿಯುತ್ತದೆ. ಬದಲಿಗೆ ಸೆಲ್ಯುಲೇಸ್, ಪೆಕ್ಟಿನೇಸ್ ಎಂಜೈಮ್, ಪಿಎಚ್ 4.8ರ ಸಿಟ್ರೇಟ್ ಬಫರಿನಲ್ಲಿ, 37 ಡಿಗ್ರಿ, ಒಂದರಿಂದ ಎರಡು ಗಂಟೆ. ಬೇರಿನ ತುದಿ ಸೂಜಿ ತಾಗಿದರೆ ಕುಸಿಯುವಷ್ಟು ಮೆತ್ತಗಾಗಬೇಕು, ತಾನೇ ಕರಗಬಾರದು. ಆಮೇಲೆ ಬಣ್ಣ ಇಲ್ಲದೆ ಬರೀ 45 ಪ್ರತಿಶತ ಅಸಿಟಿಕ್ ಆಸಿಡ್‌ನಲ್ಲಿ ಒತ್ತೋದು. ಫೇಸ್ ಕಾಂಟ್ರಾಸ್ಟ್‌ನಲ್ಲಿ ನೋಡಿ. ಕ್ರೋಮೋಸೋಮ್ ಸುತ್ತ ಮೋಡದಂಥ ಸೈಟೋಪ್ಲಾಸಂ ಇದ್ದರೆ ಆ ಸ್ಲೈಡ್ ಪಕ್ಕಕ್ಕಿಡಿ. ಪ್ರೋಬ್ ಹಾಕಿ ಉಳಿಸಿಕೊಳ್ತೀನಿ ಅನ್ನೋ ಆಸೆ ಬೇಡ.

ಆಮೇಲಿನ ಕ್ರಮ ಇದು. ಮಿಲಿಗೆ 100 ಮೈಕ್ರೋಗ್ರಾಂ ಆರ್‌ಎನ್‌ಏಸ್, 37 ಡಿಗ್ರಿ, ಒಂದು ಗಂಟೆ. 2ಎಕ್ಸ್ ಎಸ್‌ಎಸ್‌ಸಿಯಲ್ಲಿ (ಉಪ್ಪು ಮತ್ತು ಸಿಟ್ರೇಟ್ ದ್ರಾವಣ) ತೊಳೆಯೋದು. 4 ಪ್ರತಿಶತ ಫಾರ್ಮಾಲ್ಡಿಹೈಡ್ ಹತ್ತು ನಿಮಿಷ. ಮತ್ತೆ ತೊಳೆದು 70, 90, 100 ಪ್ರತಿಶತ ಆಲ್ಕೋಹಾಲ್‌ನಲ್ಲಿ ಒಣಗಿಸೋದು. ಹೈಬ್ರಿಡೈಸೇಶನ್ ಮಿಶ್ರಣದಲ್ಲಿ 50 ಪ್ರತಿಶತ ಫಾರ್ಮಮೈಡ್, 10 ಪ್ರತಿಶತ ಡೆಕ್ಸ್‌ಟ್ರಾನ್ ಸಲ್ಫೇಟ್, 2ಎಕ್ಸ್ ಎಸ್‌ಎಸ್‌ಸಿ, ಮತ್ತು ಸ್ಲೈಡಿಗೆ 50ರಿಂದ 100 ನ್ಯಾನೋಗ್ರಾಂ ಪ್ರೋಬ್. 80 ಡಿಗ್ರಿಯಲ್ಲಿ ಐದು ನಿಮಿಷದ ಒಳಗೆ ಬಿಚ್ಚಿಸಿ, 37 ಡಿಗ್ರಿಯಲ್ಲಿ ಇಡೀ ರಾತ್ರಿ ಒದ್ದೆ ಡಬ್ಬಿಯಲ್ಲಿ.

ಆ ಡಬ್ಬಿಯ ಮುಚ್ಚಳ ನೋಡಿಕೊಳ್ಳಿ. ಒಂದು ಏಪ್ರಿಲ್ ರಾತ್ರಿ ನಾನು ಟೇಪ್ ಸುತ್ತೋದು ಮರೆತೆ. ಬೆಳಗ್ಗೆ ತೆರೆದರೆ ಗಾಜಿನ ಮೇಲೆ ಡೆಕ್ಸ್‌ಟ್ರಾನ್ ಒಣಗಿ ಸಕ್ಕರೆ ಪಾಕದ ಹಾಗೆ ಹರಳುಗಟ್ಟಿತ್ತು. ಮೂರು ವಾರದ ಬೇರು, ತಿಂಗಳು ಕಾದು ತರಿಸಿದ ಪ್ರೋಬ್, ಎಲ್ಲಾ ನೀರುಪಾಲು.

ಮರುದಿನ 42 ಡಿಗ್ರಿಯಲ್ಲಿ ಎಸ್‌ಎಸ್‌ಸಿ ತೊಳೆತ. ಇದೇ ಜರಡಿ. ಎಸ್‌ಎಸ್‌ಸಿ ತೆಳುವಾದಷ್ಟೂ, ಬಿಸಿ ಹೆಚ್ಚಿದಷ್ಟೂ ಅರೆಬರೆ ಕೂಡಿದ ಪ್ರೋಬ್ ಕಳಚಿ ಹೋಗುತ್ತದೆ. ಕೊನೆಗೆ ಡಿಎನ್‌ಎಗೆ ಅಂಟಿ ಹೊಳೆಯುವ ಡ್ಯಾಪಿ ಅನ್ನೋ ಬಣ್ಣ ಹಾಕಿದರೆ ಕ್ರೋಮೋಸೋಮ್ ನೀಲಿ, ಪ್ರೋಬ್ ಹಸಿರೋ ಕೆಂಪೋ.

ಯಾವ ಪ್ರೋಬ್? ಮೊದಲ ಸಲಕ್ಕೆ ಗೋದಿಯದ್ದೇ ಸಾಕು. 45ಎಸ್‌ಗೆ ಪಿಟಿಎ71, 5ಎಸ್‌ಗೆ ಪಿಟಿಎ794 ಅನ್ನೋ ಗೋದಿ ಡಿಎನ್‌ಎ ತುಣುಕುಗಳನ್ನು ಎಷ್ಟೋ ಲ್ಯಾಬುಗಳು ದಶಕಗಳಿಂದ ಇಟ್ಟುಕೊಂಡಿವೆ. ಈ ಜೀನುಗಳು ಗಿಡದಿಂದ ಗಿಡಕ್ಕೆ ಅಷ್ಟಾಗಿ ಬದಲಾಗಿಲ್ಲ, ಹಾಗಾಗಿ ಗೋದಿಯದ್ದು ಉಳ್ಳಾಗಡ್ಡಿಗೂ ಕೂಡುತ್ತದೆ. ಸ್ಯಾಟಲೈಟ್ ಹಾಗಲ್ಲ. ಅದು ಬೇಗ ಬದಲಾಗುತ್ತದೆ, ಅದಕ್ಕೇ ಜಾತಿ ಜಾತಿಗೆ ಬೇರೆ. ಬೇರೆ ಗಿಡದ್ದು ಕೂಡೋದಿಲ್ಲ ಅನ್ನೋದು ಕೊರತೆ, ಜಾತಿ ಗುರುತಿಸಲು ಅದೇ ಗುಣ.

ಚುಕ್ಕೆ ಕಂಡಿತು, ನಂಬಬಹುದಾ?

ಧೂಳೂ ಹೊಳೆಯುತ್ತದೆ. ನಿಜವಾದ ಚುಕ್ಕೆಗೆ ಮೂರು ಲಕ್ಷಣ. ಕ್ರೋಮೋಸೋಮಿನ ಎರಡೂ ಎಳೆಗಳ ಮೇಲೆ ಅಕ್ಕಪಕ್ಕ ಜೋಡಿ ಚುಕ್ಕೆಯಾಗಿ ಇರುತ್ತದೆ. ಅದರ ಜೊತೆಗಾರ ಕ್ರೋಮೋಸೋಮಿನಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಬೇರೆ ಕೋಶದಲ್ಲೂ ಹಾಗೇ ಬರುತ್ತದೆ. ಮೂರೂ ಕೂಡಿದರೆ ಮಾತ್ರ ಬರೆಯಿರಿ. ಹೊಳಪು ಹೆಚ್ಚು ಕಡಿಮೆ ಇರಬಹುದು, ಜೋಡಿಯಲ್ಲೂ ಒಂದರಲ್ಲಿ ಪ್ರತಿ ಜಾಸ್ತಿ ಇನ್ನೊಂದರಲ್ಲಿ ಕಡಿಮೆ ಇರೋದು ಸಾಮಾನ್ಯ.

ಗುರುತೇ ಜಾಗ ಬದಲಿಸಿದರೆ? ಉಳ್ಳಾಗಡ್ಡಿ ಬಳಗದಲ್ಲಿ ಅದೂ ಉಂಟು. 1985ರಲ್ಲಿ ಶೂಬರ್ಟ್ ಮತ್ತು ವೋಬಸ್, ಅಲಿಯಂನಲ್ಲಿ ಈ 45ಎಸ್ ಜಾಗ ಒಂದು ಕಡೆಯಿಂದ ಇನ್ನೊಂದು ಕಡೆ ಜಿಗಿಯುತ್ತದೆ ಅಂತ ತೋರಿಸಿದರು. ಕೆರೆಯೇ ಎದ್ದು ಮುಂದಿನ ಸ್ಟಾಪಿಗೆ ಹೋದ ಹಾಗೆ. ಹಾಗಾಗಿ ಒಂದೇ ಗುರುತು ನೆಚ್ಚಬೇಡಿ. 45ಎಸ್, 5ಎಸ್, ಸ್ಯಾಟಲೈಟ್, ತೋಳಿನ ಅನುಪಾತ, ಎಲ್ಲಾ ಕೂಡಿಸಿ ನೋಡಿ.

ಕಂಪ್ಯೂಟರಿನಲ್ಲೇ ಹೊಸ ಗುರುತು ಹುಡುಕೋದು

ಲ್ಯಾಬ್ ಇಲ್ಲ, ಲ್ಯಾಪ್‌ಟಾಪ್ ಇದೆ ಅನ್ನುವವರಿಗೆ ಈ ಭಾಗ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಫಿಸ್ಟುಲೋಸಮ್ ಎಲ್ಲದರ ಸೀಕ್ವೆನ್ಸ್ ತುಣುಕುಗಳು ಅಮೆರಿಕದ ಎನ್‌ಸಿಬಿಐ ಸಂಸ್ಥೆಯ ಎಸ್‌ಆರ್‌ಎ ಅನ್ನೋ ಆನ್‌ಲೈನ್ ಭಂಡಾರದಲ್ಲಿ ಪುಕ್ಕಟೆ ಸಿಗುತ್ತವೆ. ಇಡೀ ಜೀನೋಮ್ ಬೇಡ. ಸಾವಿರಾರು ಸಲ ಬರುವ ಸಾಲು, ನೂರರಲ್ಲಿ ಒಂದು ಪಾಲು ತಗೊಂಡರೂ ಸಾಕಷ್ಟು ಸಲ ಕಣ್ಣಿಗೆ ಬಿದ್ದೇ ಬೀಳುತ್ತದೆ. 1600 ಕೋಟಿಯ ಒಂದು ಪ್ರತಿಶತ ಅಂದರೆ 16 ಕೋಟಿ ಅಕ್ಷರ, 100 ಅಕ್ಷರದ 16 ಲಕ್ಷ ತುಣುಕು. ಇದನ್ನು ಜೆಕ್ ದೇಶದವರು ನಡೆಸುವ ರಿಪೀಟ್‌ಎಕ್ಸ್‌ಪ್ಲೋರರ್ ಸರ್ವರಿಗೆ ಹಾಕಿ. ಒಂದಕ್ಕೊಂದು ಹೋಲುವ ತುಣುಕುಗಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದು ಚಿತ್ರ ಬಿಡಿಸಿ ಕೊಡುತ್ತದೆ. ಚಿತ್ರ ಉಂಗುರದ ಹಾಗೋ ಮುದ್ದೆಯ ಹಾಗೋ ಬಂದರೆ ಅದು ಸಾಲಾಗಿ ಬರುವ ಸ್ಯಾಟಲೈಟ್ ಇರಬಹುದು. ಉದ್ದಕ್ಕೆ ಎಳೆದ ದಾರದ ಹಾಗಿದ್ದರೆ ಬಹುಶಃ ರೆಟ್ರೋಟ್ರಾನ್ಸ್‌ಪೋಸಾನ್. ಅದೇ ಸರ್ವರಿನ ತಾರಿಯನ್ ಅನ್ನೋ ಭಾಗ ಸ್ಯಾಟಲೈಟಿನ ಒಂದು ಘಟಕದ ಪೂರ್ತಿ ಸಾಲನ್ನೇ ಬರೆದುಕೊಡುತ್ತದೆ. ಅದರಿಂದ 40-50 ಅಕ್ಷರ ಆರಿಸಿ, ತುದಿಗೆ ಬಣ್ಣ ಕಟ್ಟಿದ ಆಲಿಗೋ (ಕೃತಕವಾಗಿ ಮಾಡಿದ ಗಿಡ್ಡ ಡಿಎನ್‌ಎ ತುಣುಕು) ಆರ್ಡರ್ ಮಾಡಿದರೆ ನಿಮ್ಮದೇ ಪ್ರೋಬ್.

ಎರಡು ಜಾತಿಯ ತುಣುಕುಗಳನ್ನು ಬೆರೆಸಿ ಹಾಕಿದರೆ ಇನ್ನೂ ಮಜಾ. ಯಾವ ಗುಂಪು ಎರಡರಲ್ಲೂ ಇದೆ, ಯಾವುದು ಒಂದರದ್ದೇ ಸ್ವತ್ತು ಅಂತ ತಾನೇ ಹೇಳುತ್ತದೆ.

ಇದೆಲ್ಲಾ ಎಲ್ಲಿಗೆ ಬರುತ್ತೆ

ಅಲಿಯಂ ರಾಯ್ಲಿಯಲ್ಲಿ ಡೌನಿ ಮಿಲ್ಡ್ಯೂ ರೋಗ ತಡೆಯುವ ಜೀನ್ ಇದೆ. ಡಚ್ಚರು ಅದನ್ನು ಉಳ್ಳಾಗಡ್ಡಿಗೆ ತರಲು ವರ್ಷಗಟ್ಟಲೆ ಕೂಡಿಸುತ್ತಾ ಹೋದರು. ಪ್ರತಿ ತಲೆಮಾರಿನಲ್ಲೂ ಯಾವ ತುಂಡು ರಾಯ್ಲಿಯದು, ಯಾವುದು ಉಳ್ಳಾಗಡ್ಡಿಯದು ಅಂತ ನೋಡಲು ಬಳಕೆಗೆ ಬಂದದ್ದು, ನಾವು ಆಗ ಪಕ್ಕಕ್ಕಿಟ್ಟೆವಲ್ಲ, ಊರೆಲ್ಲಾ ಚೆಲ್ಲಿದ ಆ ಮೊದಲ ಜಾತಿಯ ಡಿಎನ್‌ಎ. ಒಂದು ಜಾತಿಯ ಇಡೀ ಡಿಎನ್‌ಎಗೆ ಬಣ್ಣ ಕಟ್ಟಿ ಹಾಕಿದರೆ, ಆ ಹರಡಿದ ಸಾಲುಗಳಿಂದಾಗಿ ಅದರ ಕ್ರೋಮೋಸೋಮ್ ತುಂಡುಗಳು ಪೂರ್ತಿ ಹೊಳೆಯುತ್ತವೆ. ಇದಕ್ಕೆ ಗಿಶ್ (ಜೀನೋಮಿಕ್ ಇನ್ ಸಿಟು ಹೈಬ್ರಿಡೈಸೇಶನ್) ಅಂತಾರೆ.

ಕಾಶ್ಮೀರದಲ್ಲಿ ಪ್ರಾಣ್ ಅಂತ ಒಂದು ಉಳ್ಳಾಗಡ್ಡಿ ಬೆಳೆಯುತ್ತಾರೆ. ಅದಕ್ಕೆ 16 ಅಲ್ಲ, 24. ಮೂರು ಸೆಟ್. ಮೂರೂ ಎಲ್ಲಿಂದ ಬಂದವು? 2014ರಲ್ಲಿ ಆರ್‌ಡಿಎನ್‌ಎ ಸಾಲು ಮತ್ತು ಬಣ್ಣದ ಪ್ರೋಬ್ ಎರಡನ್ನೂ ಬಳಸಿ ನೋಡಿದಾಗ ಒಂದು ಸೆಟ್ ನಮ್ಮ ಉಳ್ಳಾಗಡ್ಡಿಯದು, ಒಂದು ರಾಯ್ಲಿಯದು, ಇನ್ನೊಂದು ಮಧ್ಯ ಏಷ್ಯಾದ ಅಲಿಯಂ ಪ್ಸ್ಕೆಮೆನ್ಸ್ ಅನ್ನೋದರದ್ದು ಅಂತ ಬಂತು. ಮೂರು ಮನೆಯವರು ಒಂದೇ ಗಡ್ಡಿಯಲ್ಲಿ.

ಕಣ್ಣೀರು ತರಿಸುವ ಎಂಜೈಮಿನ ಜೀನ್ 5ನೇ ಕ್ರೋಮೋಸೋಮ್ ಮೇಲಿದೆ. ಅದನ್ನು ಅಲ್ಲಿ ಅಂತ ಹೇಳಬೇಕಾದರೂ ಮೊದಲು 5 ಯಾವುದು ಅಂತ ಗೊತ್ತಿರಬೇಕಲ್ಲ.

ಕೊನೆಗೊಂದು ಉಳಿತಾಯದ ಉಪಾಯ. ಫೋಟೋ ತೆಗೆದ ಮೇಲೆ ಸ್ಲೈಡ್ ಎಸೆಯಬೇಡಿ. ಕವರ್‌ಸ್ಲಿಪ್ ಜಾರಿಸಿ ತೆಗೆದು, ಎಸ್‌ಎಸ್‌ಸಿಯಲ್ಲಿ ತೊಳೆದು, ಹಳೇ ಪ್ರೋಬನ್ನು ಬಿಸಿಯಲ್ಲಿ ಕಳಚಿ, ಅದೇ ಕೋಶದ ಮೇಲೆ ಬೇರೆ ಪ್ರೋಬ್ ಹಾಕಬಹುದು. ಇವತ್ತು 5ಎಸ್, ನಾಳಿದ್ದು 45ಎಸ್. ಎರಡು ಮೂರು ಸಲದ ತನಕ ತಡೆಯುತ್ತದೆ, ಆಮೇಲೆ ಕ್ರೋಮೋಸೋಮ್ ಅಂಚು ಕರಗಿ ಮಸುಕಾಗುತ್ತಾ ಹೋಗುತ್ತದೆ. ಆ ಕೋಶ ಸ್ಲೈಡಿನ ಯಾವ ಮೂಲೆಯಲ್ಲಿದೆ ಅಂತ ಸ್ಟೇಜಿನ ಸ್ಕೇಲ್ ನೋಡಿ ಎರಡೂ ಅಂಕಿ ಮೊದಲೇ ಬರೆದಿಟ್ಟುಕೊಳ್ಳಿ. ಬರೆಯದೆ ಮರುದಿನ ಅದೇ ಕೋಶ ಹುಡುಕಲು ಕೂತವರು ಮಧ್ಯಾಹ್ನದ ಊಟ ಬಿಟ್ಟದ್ದನ್ನು ನೋಡಿದ್ದೇನೆ.